ಮಗುವಿನ ಹೊಟ್ಟೆಗೆ ಬ್ಯಾಗ್ ಬಂದರೆ: ಮನೆಯಲ್ಲಿ ಇಬ್ಬರಾದರೂ ಕಲಿಯಬೇಕಾದ ಕೆಲಸ

ಆಸ್ಪತ್ರೆಯಿಂದ ಬಂದ ಮೊದಲ ರಾತ್ರಿ, ಸುಮಾರು ಎರಡು ಗಂಟೆ ಇರಬೇಕು, ಮಗನ ಹೊಟ್ಟೆಗೆ ಅಂಟಿಸಿದ್ದ, ಕಕ್ಕ ತುಂಬಿಕೊಳ್ಳುವ ಬ್ಯಾಗ್ ಒಂದು ಕಡೆಯಿಂದ ಎದ್ದು ಬಂತು. ಹನ್ನೊಂದು ದಿನದ ಕೂಸು. ಜಬಲ, ಕೆಳಗೆ ಹಾಸಿದ್ದ ಹಳೇ ಪಂಚೆ, ನನ್ನ ಸೀರೆ, ಎಲ್ಲ ಕಡೆ ಹಳದಿ ಕಕ್ಕ. ಅಮ್ಮ ಎದ್ದು ಲೈಟ್ ಹಾಕಿದರು. ನಮ್ಮ ಯಜಮಾನರು ಬಾಗಿಲ ಹತ್ತಿರ ನಿಂತು "ನಾನೇನು ಮಾಡ್ಲಿ ಹೇಳು" ಎಂದರು. ಏನು ಹೇಳಬೇಕೆಂದು ನನಗೇ ಗೊತ್ತಿರಲಿಲ್ಲ. ವಾರ್ಡಿನಲ್ಲಿ ಸಿಸ್ಟರ್ ಒಬ್ಬರು ಒಂದೇ ಸಲ ತೋರಿಸಿಕೊಟ್ಟಿದ್ದರು, ಅದೂ ಡಿಸ್ಚಾರ್ಜ್ ಆಗುವ ದಿನದ ಅವಸರದಲ್ಲಿ. ತಾಯಂದಿರ ವಾರ್ಡಿಗೆ ಗಂಡಸರನ್ನು ಬಿಡುತ್ತಿರಲಿಲ್ಲ. ಹಾಗಾಗಿ ಅವರು ಅದನ್ನೂ ನೋಡಿರಲಿಲ್ಲ.

ಆ ಮಗನಿಗೆ ಈಗ ಆರು ವರ್ಷ. ಬ್ಯಾಗ್ ಹೋಗಿ ಐದು ವರ್ಷದ ಮೇಲಾಯಿತು. ಬ್ಯಾಗ್ ಇದ್ದ ಆ ಒಂಬತ್ತು ತಿಂಗಳಲ್ಲಿ ನಾನು ತಡಕಾಡಿ ಕಲಿತದ್ದನ್ನು, ಡಾಕ್ಟರುಗಳು ಆಮೇಲೆ ಬಿಡಿಸಿ ಹೇಳಿದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಇಂಥದ್ದೇ ಮಗುವನ್ನು ಮಡಿಲಲ್ಲಿಟ್ಟುಕೊಂಡು ರಾತ್ರಿ ಮೊಬೈಲಿನಲ್ಲಿ ಹುಡುಕುತ್ತಿರುವ ಅಪ್ಪ ಅಮ್ಮಂದಿರಿಗೆ ಕನ್ನಡದಲ್ಲಿ ಓದಲು ಏನಾದರೂ ಸಿಗಲಿ ಅಂತ.

ಮೊದಲು ಬ್ಯಾಗಿನ ಕೆಳಗೆ ಹೊಟ್ಟೆಯ ಮೇಲೆ ಕಾಣುವ ಆ ಕೆಂಪು ಗುಂಡು, ಅಂದರೆ ಸ್ಟೋಮಾ, ಏನು ಅಂತ ತಿಳಿಯೋಣ. ಸ್ಟೋಮಾ ಅನ್ನುವುದು ಗ್ರೀಕ್ ಮಾತು, ಬಾಯಿ ಅಂತ ಅರ್ಥ. ಡಾಕ್ಟರು ಹೊಟ್ಟೆಯಲ್ಲಿ ಒಂದು ಸಣ್ಣ ತೂತು ಮಾಡಿ, ಕರುಳಿನ ತುದಿಯನ್ನು ಅದರಿಂದ ಹೊರಗೆ ತಂದು ಚರ್ಮಕ್ಕೆ ಹೊಲಿಯುತ್ತಾರೆ. ಕಕ್ಕ ಕೆಳಗಿನ ದಾರಿಗೆ ಹೋಗದೆ ಅಲ್ಲಿಂದಲೇ ಬರುತ್ತದೆ. ದೊಡ್ಡ ಕರುಳನ್ನು ಹೊರತಂದರೆ ಕೊಲಾಸ್ಟಮಿ, ಸಣ್ಣ ಕರುಳನ್ನು ತಂದರೆ ಇಲಿಯಾಸ್ಟಮಿ. ನಮ್ಮ ಕಡೆ ಜನ ಇಷ್ಟೆಲ್ಲ ಹೇಳುವುದಿಲ್ಲ, "ಹೊಟ್ಟೆ ಹತ್ರ ದಾರಿ ಮಾಡಿದ್ದಾರೆ" ಅನ್ನುತ್ತಾರೆ. ಅದು ಸರಿಯಾದ ಮಾತೇ.

ನೋಡಿದ ಕೂಡಲೇ ಹಸಿ ಗಾಯ ಅನ್ನಿಸುತ್ತದೆ. ನಾನು ನಾಲ್ಕು ದಿನ ಅದನ್ನು ಮುಟ್ಟಿರಲಿಲ್ಲ. ಆದರೆ ಅದು ಗಾಯವಲ್ಲ, ಕರುಳಿನ ಒಳಮೈ. ನಮ್ಮ ಕೆನ್ನೆಯ ಒಳಭಾಗ ಹೇಗೆ ಒದ್ದೆಯಾಗಿ ಕೆಂಪಗಿರುತ್ತದೋ ಹಾಗೆ. ಮುಟ್ಟಿದರೆ ಮಗುವಿಗೆ ನೋವಾಗುವುದಿಲ್ಲ. ಒರೆಸುವಾಗ ಒಂದು ಚುಕ್ಕೆ ರಕ್ತ ಬಂದರೆ ಹೆದರಬೇಕಿಲ್ಲ, ಹಲ್ಲುಜ್ಜುವಾಗ ಒಸಡಿನಿಂದ ಬರುತ್ತದಲ್ಲ, ಅದೇ ಥರ. ಮಗು ಜೋರಾಗಿ ಅತ್ತರೆ ಬಣ್ಣ ಸ್ವಲ್ಪ ಬದಲಾಗಿ, ಸುಮ್ಮನಾದ ಮೇಲೆ ಮತ್ತೆ ಮೊದಲಿನ ಹಾಗಾಗುತ್ತದೆ. ಆ ಬಾಯಿಗೆ ಬಿಗಿ ಹಿಡಿಯುವ ಸ್ನಾಯು ಇಲ್ಲ. ಅದಕ್ಕೇ ಕಕ್ಕ ಯಾವಾಗ ಬೇಕಾದರೂ ಬರುತ್ತದೆ, ಅದಕ್ಕೇ ಬ್ಯಾಗ್ ಬೇಕು.

ಹುಟ್ಟಿದ ಕೂಸಿಗೆ ಇದು ಯಾಕೆ ಬೇಕಾಗುತ್ತದೆ? ಕಾರಣಗಳು ಹಲವು. ನಮ್ಮ ಮಗನಿಗೆ ಗುದದ್ವಾರವೇ ಇರಲಿಲ್ಲ. ಸುಮಾರು 5000 ಮಕ್ಕಳಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಕೆಲವು ಮಕ್ಕಳಲ್ಲಿ ದಾರಿ ಚರ್ಮದ ತೀರಾ ಹತ್ತಿರ ಬಂದು ನಿಂತಿರುತ್ತದೆ, ಅಂಥವರಿಗೆ ಸ್ಟೋಮಾ ಇಲ್ಲದೆ ನೇರವಾಗಿ ಸರಿಮಾಡಬಹುದು. ಇನ್ನು ಕೆಲವರಲ್ಲಿ ಕರುಳಿನ ತುದಿ ಒಳಗೆಲ್ಲೋ ಮೇಲೆ ನಿಂತು, ಮೂತ್ರದ ನಾಳಕ್ಕೆ ಸೇರಿಕೊಂಡಿರುತ್ತದೆ. ಹುಟ್ಟಿದ ಮೊದಲ 24 ಗಂಟೆ ಡಾಕ್ಟರುಗಳು ಕಾದು ನೋಡುವುದು ಇದಕ್ಕೇ. ಉಚ್ಚೆಯಲ್ಲಿ ಕಪ್ಪು ಹಸಿರು ಬಣ್ಣ ಕಂಡರೆ ಒಳಗೆ ಎರಡೂ ದಾರಿ ಕೂಡಿವೆ ಅಂತ ಅರ್ಥ. ಅಂಥ ಮಗುವಿಗೆ ಮೊದಲು ಹೊಟ್ಟೆಯಲ್ಲಿ ದಾರಿ ಮಾಡಿ, ಮಗು ಬೆಳೆದ ಮೇಲೆ ಕೆಳಗಿನ ದಾರಿ ಕಟ್ಟುತ್ತಾರೆ. ಹೃದಯ, ಕಿಡ್ನಿ, ಬೆನ್ನುಮೂಳೆಗೂ ಸ್ಕ್ಯಾನ್ ಬರೆಯುತ್ತಾರೆ, ಈ ತೊಂದರೆಯ ಜೊತೆ ಅಲ್ಲೂ ಏನಾದರೂ ಇರುವ ಸಾಧ್ಯತೆ ಉಂಟು ಅಂತ. ಬೇಡದ ಖರ್ಚು ಅಂದುಕೊಂಡು ಬಿಡಬೇಡಿ.

ಎರಡನೆಯ ಕಾರಣ ಹಿರ್ಷ್‌ಸ್ಪ್ರುಂಗ್ ಕಾಯಿಲೆ. ಕೋಪನ್‌ಹೇಗನ್ನಿನ ಮಕ್ಕಳ ಡಾಕ್ಟರ್ ಹ್ಯಾರಲ್ಡ್ ಹಿರ್ಷ್‌ಸ್ಪ್ರುಂಗ್ 1886ರಲ್ಲಿ ಇದನ್ನು ವಿವರಿಸಿದರು. ಇದರಲ್ಲಿ ದಾರಿ ಇದೆ, ಆದರೆ ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ನರದ ಕೋಶಗಳೇ ಇರುವುದಿಲ್ಲ. ಆ ಭಾಗ ಸಡಿಲವಾಗದೆ ಬಿಗಿದುಕೊಂಡೇ ಇರುತ್ತದೆ, ಕಕ್ಕ ಮುಂದೆ ಹೋಗುವುದಿಲ್ಲ, ಹೊಟ್ಟೆ ಊದುತ್ತದೆ. ಇದೂ ಹೆಚ್ಚು ಕಡಿಮೆ 5000ಕ್ಕೆ ಒಂದು, ಗಂಡುಮಕ್ಕಳಲ್ಲಿ ಜಾಸ್ತಿ. ಹುಟ್ಟಿ 48 ಗಂಟೆಯಾದರೂ ಮೊದಲ ಕಪ್ಪು ಕಕ್ಕ ಆಗದಿದ್ದರೆ ಯಾರೂ "ಆಗುತ್ತೆ ಬಿಡಿ" ಅನ್ನಬಾರದು. ಇನ್ನು ತಿಂಗಳು ತುಂಬದೆ ಹುಟ್ಟಿದ ಕೂಸುಗಳಲ್ಲಿ ಕರುಳಿಗೆ ಸೋಂಕು ತಗುಲಿ ಒಂದು ಭಾಗ ಕೊಳೆತರೆ ಅದನ್ನು ತೆಗೆದು ಇಲಿಯಾಸ್ಟಮಿ ಮಾಡಬೇಕಾಗಿ ಬರುತ್ತದೆ.

ಈ ಉಪಾಯ ಹೊಸದೇನಲ್ಲ. 1710ರಲ್ಲೇ ಫ್ರಾನ್ಸಿನ ಲಿತ್ರೆ ಅನ್ನುವ ಡಾಕ್ಟರು ಗುದದ್ವಾರವಿಲ್ಲದ ಮಗುವಿಗೆ ಹೊಟ್ಟೆಯಲ್ಲಿ ದಾರಿ ಮಾಡಬಹುದು ಅಂದಿದ್ದರು. 1793ರಲ್ಲಿ ಬ್ರೆಸ್ಟ್ ಊರಿನ ದ್ಯುರೆ ಅನ್ನುವ ಸರ್ಜನ್ ಮೂರು ದಿನದ ಕೂಸಿಗೆ ಅದನ್ನು ಮಾಡಿಯೂ ತೋರಿಸಿದರು. ಆ ಮಗು 45 ವರ್ಷ ಬದುಕಿತು. ಅರಿವಳಿಕೆ ಇಲ್ಲದ, ಬ್ಯಾಗ್ ಇಲ್ಲದ ಕಾಲ ಅದು. ಡಾಕ್ಟರ ಹೆಸರು ಉಳಿದಿದೆ. ಅಷ್ಟು ವರ್ಷ ಆ ಹೊಟ್ಟೆಯನ್ನು ಒರೆಸಿ, ಬಟ್ಟೆ ಬದಲಿಸಿದ ಮನೆಯವರು ಯಾರಿದ್ದರೋ ಅಂತ ನನಗೆ ಆಗಾಗ ನೆನಪಾಗುತ್ತದೆ.

ಬ್ಯಾಗ್ ಹಾಕುವ ಬಗೆ

ಈಗ ಕೈಕೆಲಸಕ್ಕೆ ಬರುತ್ತೇನೆ. ಬ್ಯಾಗ್ ಬದಲಿಸಲು ಒಳ್ಳೇ ಹೊತ್ತು ಅಂದರೆ ಬೆಳಿಗ್ಗೆ, ಹಾಲು ಕುಡಿಸುವ ಮೊದಲು. ಹೊಟ್ಟೆ ತುಂಬಿದ ಮೇಲೆ ಕೂತರೆ ನೀವು ಒರೆಸುತ್ತಿರುತ್ತೀರಿ, ಅದು ಬರುತ್ತಿರುತ್ತದೆ. ಬಿಸಿನೀರು, ಮೆತ್ತನೆಯ ಹಳೇ ಕಾಟನ್ ಬಟ್ಟೆ ನಾಲ್ಕು ತುಂಡು, ಕತ್ತರಿ, ಹೊಸ ಬ್ಯಾಗ್, ಕಸಕ್ಕೊಂದು ಕವರ್, ಇಷ್ಟನ್ನೂ ಮೊದಲೇ ಪಕ್ಕದಲ್ಲಿಟ್ಟುಕೊಳ್ಳಿ. ಹಳೇ ಬ್ಯಾಗನ್ನು ಕೀಳಬೇಡಿ. ಒದ್ದೆ ಬಟ್ಟೆಯಿಂದ ಚರ್ಮವನ್ನು ಒತ್ತಿ ಹಿಡಿದು, ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಬಿಡಿಸಿ. ಕೂಸಿನ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು. ಬರೀ ನೀರಿನಲ್ಲಿ ತೊಳೆದರೆ ಸಾಕು. ಡೆಟಾಲ್, ಸ್ಪಿರಿಟ್, ಘಮಘಮ ಅನ್ನುವ ಬೇಬಿ ವೈಪ್ಸ್ ಯಾವುದೂ ಬೇಡ. ಆಮೇಲೆ ಚರ್ಮ ಪೂರ್ತಿ ಒಣಗಬೇಕು. ಒಂದು ಹನಿ ತೇವ ಉಳಿದರೂ ಅಂಟು ನಿಲ್ಲುವುದಿಲ್ಲ.

ತೂತು ಕತ್ತರಿಸುವುದು ಇಡೀ ಕೆಲಸದ ಜೀವಾಳ. ಸ್ಟೋಮಾದ ಅಂಚಿನಿಂದ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಿರಬೇಕು. ಜಾಸ್ತಿ ದೊಡ್ಡದಾದರೆ ಬರಿಯ ಚರ್ಮದ ಮೇಲೆ ಕಕ್ಕ ನಿಂತು ಸುಡುತ್ತದೆ, ಚಿಕ್ಕದಾದರೆ ಅಂಚು ಸ್ಟೋಮಾಗೆ ಒತ್ತುತ್ತದೆ. ಆಪರೇಷನ್ ಆದ ಮೊದಲ ಆರೆಂಟು ವಾರ ಊತ ಇಳಿಯುತ್ತಾ ಸ್ಟೋಮಾ ಚಿಕ್ಕದಾಗುತ್ತಾ ಹೋಗುತ್ತದೆ. ಆಸ್ಪತ್ರೆಯಲ್ಲಿ ಕೊಟ್ಟ ಅಳತೆಯನ್ನೇ ಹಿಡಿದು ಕತ್ತರಿಸುತ್ತಿದ್ದರೆ ಲೀಕ್ ನಿಲ್ಲುವುದಿಲ್ಲ. ನಮಗೆ ಆದದ್ದು ಅದೇ. ಮೂರನೇ ವಾರ ದಿನಕ್ಕೆ ಎರಡು ಬ್ಯಾಗ್ ಹೋಗುತ್ತಿತ್ತು, ಮಗನ ಹೊಟ್ಟೆ ಸುಟ್ಟ ಹಾಗೆ ಕೆಂಪಾಗಿತ್ತು. ಕೊನೆಗೆ ನಮ್ಮ ಯಜಮಾನರು ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಸ್ಟೋಮಾದ ಮೇಲೆ ಹಿಡಿದು, ಪೆನ್ನಿನಲ್ಲಿ ಸುತ್ತ ಗೆರೆ ಎಳೆದರು. ಅದನ್ನು ರೇಷನ್ ಬಿಲ್ಲಿನ ಹಿಂದೆ ಇಳಿಸಿ, ಪಕ್ಕದಲ್ಲಿ ತಾರೀಕು ಬರೆದಿಟ್ಟರು. ಮುಂದಿನ ವಾರ ಇನ್ನೊಂದು ಗೆರೆ. ಒಂದರೊಳಗೊಂದು ಬಳೆ ಇಟ್ಟ ಹಾಗೆ ಐದು ಗೆರೆಗಳಿರುವ ಆ ಬಿಲ್ಲು ಇವತ್ತಿಗೂ ನಮ್ಮ ಬೀರುವಿನಲ್ಲಿದೆ.

ಅಂಟಿಸುವ ಮೊದಲು ಬ್ಯಾಗಿನ ಅಂಟು ಭಾಗವನ್ನು ಅಂಗೈಗಳ ನಡುವೆ ಒಂದು ನಿಮಿಷ ಬೆಚ್ಚಗೆ ಇಟ್ಟುಕೊಳ್ಳಿ. ಅಂಟಿಸಿದ ಮೇಲೂ ಕೈ ಮೇಲಿಟ್ಟು ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಬಿಸಿಗೆ ಅಂಟು ಚೆನ್ನಾಗಿ ಕೂರುತ್ತದೆ. ಮಲಗಿರುವ ಕೂಸಿಗೆ ಬ್ಯಾಗಿನ ಬಾಯಿ ಕಾಲಿನ ಕಡೆ ಬೇಡ, ಪಕ್ಕಕ್ಕೆ ತಿರುಗಿರಲಿ. ಆಗ ಕೂಸಿಗೆ ಕಟ್ಟಿದ ಚೌಕದ ಬಟ್ಟೆಯ ಹೊರಗೆ ಇರುತ್ತದೆ, ಖಾಲಿ ಮಾಡುವುದೂ ಸುಲಭ. ಮೂರನೇ ಒಂದು ಭಾಗ ತುಂಬಿದ ಕೂಡಲೇ ಖಾಲಿ ಮಾಡಿ, ಭಾರಕ್ಕೆ ಬ್ಯಾಗ್ ಎದ್ದುಬರುವವರೆಗೂ ಕಾಯಬೇಡಿ. ಕೂಸು ಅಳುವಾಗ, ಹಾಲು ಕುಡಿಯುವಾಗ ಗಾಳಿ ನುಂಗುವುದರಿಂದ ಬ್ಯಾಗ್ ಬಲೂನಿನ ಹಾಗೆ ಉಬ್ಬುತ್ತದೆ. ಆ ಗಾಳಿಯನ್ನೂ ಬಿಡಬೇಕು. ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು ಅಂದರೆ, ಎಳೇ ಮಕ್ಕಳಲ್ಲಿ ಒಂದರಿಂದ ಮೂರು ದಿನ. ಕೆಳಗೆ ಲೀಕ್ ಆಗಿದ್ದರೆ ಮೇಲೆ ಟೇಪ್ ಸುತ್ತಿ ಮುಂದೂಡಬೇಡಿ. ಒಳಗೆ ಚರ್ಮ ಬೇಯುತ್ತಿರುತ್ತದೆ.

ಚರ್ಮ ಕೆಂಪಾಗಿ ಒದ್ದೆಯಾಗಿದ್ದರೆ ಸ್ಟೋಮಾ ಪೌಡರ್ ಉದುರಿಸಿ, ಹೆಚ್ಚಾದದ್ದನ್ನು ಒರೆಸಿ, ಆಮೇಲೆ ಅಂಟಿಸಬಹುದು. ಸಾದಾ ಬೇಬಿ ಪೌಡರ್ ಅಲ್ಲ. ಕೆಂಪಿನ ಸುತ್ತ ಸಾಸಿವೆಯಷ್ಟು ಸಣ್ಣ ಸಣ್ಣ ಚುಕ್ಕೆ ಎದ್ದಿದ್ದರೆ ಅದು ಫಂಗಸ್ ಇರಬಹುದು, ಅದಕ್ಕೆ ಬೇರೆ ಔಷಧಿ ಬೇಕು, ಡಾಕ್ಟರಿಗೆ ತೋರಿಸಿ.

ಎಣ್ಣೆ ಮತ್ತು ಉಡುದಾರ

ನಮ್ಮ ಬಾಣಂತನದ ಪದ್ಧತಿಗೂ ಈ ಬ್ಯಾಗಿಗೂ ಎರಡು ಕಡೆ ಜಗಳ ಬರುತ್ತದೆ. ಇದನ್ನು ಆಸ್ಪತ್ರೆಯಲ್ಲಿ ಯಾರೂ ನಮಗೆ ಹೇಳಿರಲಿಲ್ಲ.

ಒಂದು, ಎಣ್ಣೆ. ಅಮ್ಮ ದಿನಾ ಮೊಮ್ಮಗನಿಗೆ ಮೈತುಂಬ ಕೊಬ್ಬರಿ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದರು. ಹೊಟ್ಟೆಗೆ ಎಣ್ಣೆ ಕುಡಿಸಿದ ಮೇಲೆ ಯಾವ ಅಂಟು ತಾನೇ ನಿಲ್ಲುತ್ತದೆ? ಒಂದು ವಾರ ನಾವು ಬ್ಯಾಗ್ ಕಂಪನಿಯನ್ನೇ ಬೈದುಕೊಂಡೆವು. ಗೊತ್ತಾದ ಮೇಲೆ ಅಮ್ಮ ಎದೆಯ ತನಕ, ಮತ್ತೆ ತೊಡೆಯಿಂದ ಕೆಳಗೆ ಎಣ್ಣೆ ಹಚ್ಚಿ, ಹೊಟ್ಟೆಯನ್ನು ಬಿಟ್ಟುಬಿಡುತ್ತಿದ್ದರು. "ಹೊಟ್ಟೆಗೊಂದು ರಜ" ಅನ್ನುತ್ತಿದ್ದರು. ಸ್ನಾನಕ್ಕೇನೂ ಅಡ್ಡಿಯಿಲ್ಲ. ಬ್ಯಾಗ್ ತೆಗೆದೂ ನೀರು ಹಾಕಬಹುದು, ನೀರು ಸ್ಟೋಮಾದೊಳಗೆ ಹೋಗುವುದಿಲ್ಲ. ಬ್ಯಾಗ್ ಬದಲಿಸುವ ದಿನ ನಾವು ಹಾಗೇ ಮಾಡುತ್ತಿದ್ದೆವು.

ಎರಡು, ಉಡುದಾರ. ಹನ್ನೊಂದನೇ ದಿನ ಕಟ್ಟಿದ ಕಪ್ಪು ದಾರ ಸರಿಯಾಗಿ ಸ್ಟೋಮಾದ ಮೇಲೇ ಹಾದುಹೋಗುತ್ತಿತ್ತು. ಹೊಟ್ಟೆ ಉಬ್ಬಿದಾಗ ಕುಯ್ಯುತ್ತಿತ್ತು. ಅತ್ತೆ ಒಂದು ಮಾತೂ ಆಡದೆ ಅದನ್ನು ಬಿಚ್ಚಿ, ಕೈಮಣಿಕಟ್ಟಿಗೆ ಕಟ್ಟಿದರು. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ದೊಡ್ಡ ಮಾತಾಗುತ್ತದೆ ಅಂತ ಆಮೇಲೆ ಬೇರೆ ತಾಯಂದಿರಿಂದ ಕೇಳಿದೆ.

ಬ್ಯಾಗ್ ಕೊಳ್ಳಲು ಆಗದಿದ್ದರೆ? ಇದನ್ನು ಕೇಳಲು ಜನ ನಾಚಿಕೊಳ್ಳುತ್ತಾರೆ, ನಾಚಿಕೆ ಬೇಡ. ಒಂದೊಂದು ಬ್ಯಾಗಿಗೆ ನೂರಾರು ರೂಪಾಯಿ, ತಾಲ್ಲೂಕಿನ ಮೆಡಿಕಲ್ ಶಾಪುಗಳಲ್ಲಿ ಮಕ್ಕಳ ಸೈಜು ಸಿಗುವುದೂ ಕಷ್ಟ. ಕೊಲಾಸ್ಟಮಿ ದೊಡ್ಡ ಕರುಳಿನ ಕೊನೆಯ ಭಾಗದಲ್ಲಿದ್ದರೆ ಬ್ಯಾಗ್ ಇಲ್ಲದೆ ಬಟ್ಟೆಯಲ್ಲೂ ನಿಭಾಯಿಸಬಹುದು. ಸುತ್ತಲಿನ ಚರ್ಮಕ್ಕೆ ಜಿಂಕ್ ಆಕ್ಸೈಡ್ ಕ್ರೀಮು ಅಥವಾ ವ್ಯಾಸಲೀನ್ ದಪ್ಪಗೆ ಹಚ್ಚಿ, ಮೇಲೆ ಮಡಚಿದ ಮೆತ್ತನೆ ಕಾಟನ್ ಬಟ್ಟೆ ಇಟ್ಟು, ಹೊಟ್ಟೆಗೆ ಸಡಿಲವಾಗಿ ಪಟ್ಟಿ ಕಟ್ಟುವುದು. ಒದ್ದೆಯಾದ ಕೂಡಲೇ ಬದಲಿಸುವುದು. ನಮ್ಮ ದೇಶದಲ್ಲಿ ಬಹಳ ಮಕ್ಕಳು ಹೀಗೇ ದೊಡ್ಡವರಾಗಿದ್ದಾರೆ. ನಾವೂ ಕೊನೆಯ ಮೂರು ತಿಂಗಳು ಹಗಲು ಬಟ್ಟೆ, ಪ್ರಯಾಣಕ್ಕೆ ಮಾತ್ರ ಬ್ಯಾಗ್ ಅಂತ ಮಾಡಿಕೊಂಡೆವು. ಅಂಟಿಗೂ ಕ್ರೀಮಿಗೂ ಆಗಿಬರುವುದಿಲ್ಲ, ಬ್ಯಾಗ್ ಹಾಕುವ ದಿನ ಕ್ರೀಮು ಪೂರ್ತಿ ತೊಳೆಯಬೇಕು.

ಇಲಿಯಾಸ್ಟಮಿ ಇದ್ದರೆ ಬಟ್ಟೆ ಸಾಲದು. ಸಣ್ಣ ಕರುಳಿನಿಂದ ಬರುವುದು ನೀರು ನೀರಾಗಿರುತ್ತದೆ, ಅದರಲ್ಲಿ ಅನ್ನವನ್ನು ಕರಗಿಸುವ ರಸಗಳಿರುತ್ತವೆ. ಅವು ಚರ್ಮವನ್ನೂ ಕರಗಿಸುತ್ತವೆ, ಒಂದೇ ಗಂಟೆಯಲ್ಲಿ ಹುಣ್ಣಾಗಬಹುದು. ಇನ್ನೊಂದು ವಿಷಯ ಇದೆ, ನಿಜವಾಗಿ ಬಹಳ ಮುಖ್ಯವಾದದ್ದು: ಉಪ್ಪು. ದೊಡ್ಡ ಕರುಳಿನ ಕೆಲಸವೇ ನೀರನ್ನೂ ಉಪ್ಪನ್ನೂ ಹೀರಿ ಉಳಿಸಿಕೊಳ್ಳುವುದು. ಇಲಿಯಾಸ್ಟಮಿಯಲ್ಲಿ ಅಲ್ಲಿಗೆ ಹೋಗುವ ಮೊದಲೇ ಎಲ್ಲ ಹೊರಗೆ ಬರುತ್ತದೆ. ಮಗು ಹೊಟ್ಟೆತುಂಬ ಹಾಲು ಕುಡಿಯುತ್ತಿದ್ದರೂ ತೂಕ ಏರುವುದಿಲ್ಲ. ತಾಯಿಗೆ "ನಿನ್ನ ಹಾಲು ಸಾಲದು" ಅನ್ನುತ್ತಾರೆ. ಕೊರತೆ ಹಾಲಿನದಲ್ಲ, ಸೋಡಿಯಮ್ಮಿನದು ಇರಬಹುದು. ಉಚ್ಚೆಯ ಪರೀಕ್ಷೆ ಮಾಡಿಸಿದರೆ ಡಾಕ್ಟರಿಗೆ ಗೊತ್ತಾಗುತ್ತದೆ, ಲೆಕ್ಕ ಹಾಕಿ ಉಪ್ಪಿನ ಔಷಧಿ ಕೊಡುತ್ತಾರೆ. ನೀವಾಗಿಯೇ ಅಡುಗೆ ಉಪ್ಪು ಕಲಸಿ ಕುಡಿಸಬೇಡಿ, ಅದು ಅಪಾಯ. ಬ್ಯಾಗಿನಲ್ಲಿ ದಿನಕ್ಕೆ ಎಷ್ಟು ಬಂತು ಅಂತ ಅಳತೆ ಲೋಟದಲ್ಲಿ ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಡಾಕ್ಟರಿಗೆ ನಿಮ್ಮ ಮಾತಿಗಿಂತ ಆ ನೋಟ್‌ಬುಕ್ ಜಾಸ್ತಿ ಹೇಳುತ್ತದೆ.

ಯಾವ ಸ್ಟೋಮಾ ಆದರೂ ಕೆಲವು ಗುರುತು ಕಂಡರೆ ಬೆಳಗಾಗಲಿ ಅಂತ ಕಾಯಬಾರದು. ಸ್ಟೋಮಾ ನೇರಳೆ ಅಥವಾ ಕಪ್ಪಾಗಿ, ಮಗು ಸಮಾಧಾನವಾದ ಮೇಲೂ ಹಾಗೇ ಉಳಿದರೆ. ಹಸಿರು ವಾಂತಿಯಾದರೆ. ಹೊಟ್ಟೆ ಊದಿಕೊಂಡು ಸ್ಟೋಮಾದಿಂದ ಗಾಳಿಯೂ ಬರದಿದ್ದರೆ. ಕರುಳು ಉದ್ದಕ್ಕೆ ಹೊರಗೆ ಬಂದು ಒಳಗೆ ಹೋಗದೆ ಬಣ್ಣ ಕೆಟ್ಟರೆ. ರಕ್ತ ಒರೆಸಿದಷ್ಟೂ ಬರುತ್ತಿದ್ದರೆ. ನೆತ್ತಿ ಕುಳಿ ಬಿದ್ದು, ಬಾಯಿ ಒಣಗಿ, ಉಚ್ಚೆ ಕಡಿಮೆಯಾಗಿ, ಮಗು ಮಂಕಾದರೆ. ಹಿರ್ಷ್‌ಸ್ಪ್ರುಂಗ್ ಇರುವ ಮಗುವಿಗೆ ಜ್ವರ, ಹೊಟ್ಟೆಯುಬ್ಬರ, ಕೆಟ್ಟ ವಾಸನೆಯ ಭೇದಿ ಒಟ್ಟಿಗೆ ಬಂದರೆ ಅದು ಸುಮ್ನೆ ಭೇದಿ ಅಲ್ಲ, ಕರುಳಿನ ಸೋಂಕು. ಸ್ಟೋಮಾ ಇದ್ದಾಗಲೂ ಬರಬಹುದು, ಎಲ್ಲ ಆಪರೇಷನ್ ಮುಗಿದ ಮೇಲೂ ಬರಬಹುದು, ಜೀವಕ್ಕೇ ಅಪಾಯ.

ಹೆದರಬೇಕಿಲ್ಲದ್ದೂ ಇದೆ. ಕೆಳಗಿನ ದಾರಿ ಇರುವ ಮಕ್ಕಳಿಗೆ ಅಲ್ಲಿಂದ ಆಗಾಗ ಬಿಳಿ ಲೋಳೆ ಬರುತ್ತದೆ, ಅದು ಸಹಜ. ನಮ್ಮ ಮಗನಿಗೆ ಹೊಟ್ಟೆಯಲ್ಲಿ ಎರಡು ಬಾಯಿ ಇದ್ದವು, ಒಂದರಲ್ಲಿ ಕಕ್ಕ, ಇನ್ನೊಂದರಲ್ಲಿ ಬರೀ ಲೋಳೆ. ಎದೆಹಾಲು ಎಂದಿನಂತೆ ಕೊಡಬಹುದು, ಅದಕ್ಕಿಂತ ಒಳ್ಳೆಯದು ಇಲ್ಲ. ಆರು ತಿಂಗಳಾದ ಮೇಲೆ ರಾಗಿ ಸರಿ, ಮೆತ್ತಗಿನ ಅನ್ನ, ಬಾಳೆಹಣ್ಣು ಶುರುಮಾಡಿದರೆ ಕಕ್ಕ ಗಟ್ಟಿಯಾಗುತ್ತಾ ಬಂದು ಲೀಕೂ ಕಡಿಮೆಯಾಗುತ್ತದೆ. ಬೀಟ್‌ರೂಟ್ ತಿನ್ನಿಸಿದ ಮಾರನೇ ದಿನ ಬ್ಯಾಗ್ ನೋಡಿ ನಾನು ಕಿರುಚಿಕೊಂಡಿದ್ದೆ, ಅದು ರಕ್ತವಲ್ಲ. ಬೋರಲು ಮಲಗಬಹುದು, ಅಂಬೆಗಾಲಿಡಬಹುದು.

ಮಾತುಗಳ ಭಾರ

ಮೈಯ ಕೆಲಸ ಒಂದು ತಿಂಗಳಲ್ಲಿ ರೂಢಿಯಾಗುತ್ತದೆ. ರೂಢಿಯಾಗದೇ ಉಳಿಯುವುದು ಜನರ ಮಾತು. ಮಗು ನೋಡಲು ಬಂದವರು ಮೊದಲು ಕೇಳುತ್ತಿದ್ದುದು "ಬಸುರಿಲಿ ಗ್ರಹಣ ಏನಾದ್ರೂ ನೋಡಿದ್ಯೇನಮ್ಮ?" ಅಂತ. ಬೇರೆ ಬೇರೆ ಜನ, ಅದೇ ಪ್ರಶ್ನೆ. ನಾನು ರಾತ್ರಿ ಕೂತು ಪಂಚಾಂಗದಲ್ಲಿ ಹಿಂದಿನ ತಿಂಗಳುಗಳ ಹಾಳೆ ತಿರುವಿದ್ದೂ ಉಂಟು. ಗುದದ್ವಾರದ ಭಾಗ ರೂಪುಗೊಳ್ಳುವುದು ಬಸುರಿನ ಮೊದಲ ಎಂಟು ವಾರದೊಳಗೆ. ಎಷ್ಟೋ ಹೆಂಗಸರಿಗೆ ಆಗ ತಾವು ಬಸುರಿ ಅಂತಲೇ ಖಾತ್ರಿಯಾಗಿರುವುದಿಲ್ಲ. ತಾಯಿ ತಿಂದದ್ದು, ನೋಡಿದ್ದು, ನಡೆದದ್ದು ಯಾವುದರಿಂದಲೂ ಇದಾಗಿಲ್ಲ. ಇದನ್ನು ಡಾಕ್ಟರು ತಾಯಿಗೆ ಹೇಳಿದರೆ ಸಾಲದು, ಮನೆಯ ಹಿರಿಯರನ್ನು ಕೂರಿಸಿ ಹೇಳಬೇಕು. ನಮ್ಮ ಅತ್ತೆಗೆ ಹಾಗೆ ಹೇಳಿದ ಒಬ್ಬ ಡಾಕ್ಟರಮ್ಮನನ್ನು ನಾನು ಮರೆಯುವುದಿಲ್ಲ. ಆಮೇಲೆ ಯಾರಾದರೂ ಗ್ರಹಣ ಅಂದರೆ ಅತ್ತೆಯೇ ಉತ್ತರ ಕೊಡುತ್ತಿದ್ದರು.

ಮುಚ್ಚಿಡುವುದೂ ಒಂದು ಭಾರವೇ. ನಾಮಕರಣವನ್ನು ಮುಂದೂಡಿದೆವು, ಮದುವೆಗಳಿಗೆ ಹೋಗಲಿಲ್ಲ. ಬೆಂಗಳೂರಿಗೆ ಚೆಕಪ್‌ಗೆ ಹೋಗುವಾಗ ಅರಸೀಕೆರೆಯಲ್ಲಿ ರೈಲು ಹತ್ತಿದರೆ ಕಿಟಕಿ ಪಕ್ಕವೇ ಬೇಕು ಅಂತ ನಾನು ಹಟ ಮಾಡುತ್ತಿದ್ದೆ, ವಾಸನೆ ಬಂದರೆ ಅಂತ. ಒಂದು ಸಲ ತಿಪಟೂರು ದಾಟಿದ ಮೇಲೆ ಬ್ಯಾಗ್ ಬಿಚ್ಚಿತು. ಎದುರು ಸೀಟಿನ ಅಜ್ಜಿ ಒಬ್ಬರು ತಮ್ಮ ಸೆರಗನ್ನು ಮರೆಯಾಗಿ ಹಿಡಿದು, "ನಿಧಾನ ಮಾಡವ್ವ, ನಾ ಹಿಡ್ಕಂಡಿರ್ತೀನಿ" ಅಂದರು. ಅದೇನು ಅಂತ ಕೇಳಲೂ ಇಲ್ಲ.

ನನ್ನ ಮನಸ್ಸಿನಲ್ಲಿರುವ ಮುಖ್ಯ ಮಾತು ಇದು. ಮೊದಲ ಬಾಣಂತನ ತವರಿನಲ್ಲಿ. ಗಂಡ ವಾರಕ್ಕೊಮ್ಮೆ ಬಂದು ಹೋಗುವ ನೆಂಟ. ಆಸ್ಪತ್ರೆಯಲ್ಲೂ ಅವನು ಹೊರಗೆ, ಬಿಲ್ಲು ಕಟ್ಟುವವನು, ಔಷಧಿ ತರುವವನು. ಹೀಗಾಗಿ ಬ್ಯಾಗಿನ ಕೆಲಸ ತಾಯಿಯ ಎರಡು ಕೈಗೇ ಉಳಿಯುತ್ತದೆ. ಅವಳಿಗೆ ಹೊಲಿಗೆ ಮಾಗಿರುವುದಿಲ್ಲ, ನಿದ್ದೆ ಇರುವುದಿಲ್ಲ. ನಾಲ್ಕನೇ ವಾರ ನನಗೆ ಜ್ವರ ಬಂದು ಎರಡು ದಿನ ಏಳಲಾಗಲಿಲ್ಲ. ಮನೆಯಲ್ಲಿ ಬ್ಯಾಗ್ ಹಾಕಲು ಬರುವವರು ಬೇರೆ ಯಾರೂ ಇರಲಿಲ್ಲ, ಮಗುವಿನ ಹೊಟ್ಟೆ ಮತ್ತೆ ಹುಣ್ಣಾಯಿತು. ಆಮೇಲೆ ನಮ್ಮ ಯಜಮಾನರು ಹಾಸನದ ಅಂಗಡಿ ಕೆಲಸಕ್ಕೆ ಹತ್ತು ದಿನ ರಜೆ ಹಾಕಿ ಬಂದು ಕಲಿತರು. ಮಗುವನ್ನು ಹಿಡಿಯುವವರು ಒಬ್ಬರು, ಅಂಟಿಸುವವರು ಒಬ್ಬರು ಇದ್ದರೆ ಹತ್ತು ನಿಮಿಷದ ಕೆಲಸ. ಒಬ್ಬರೇ ಆದರೆ ನಲವತ್ತು ನಿಮಿಷದ ಕುಸ್ತಿ. ಡಿಸ್ಚಾರ್ಜ್ ಮಾಡುವ ಮೊದಲು ಇಬ್ಬರ ಕೈಲಿ, ಒಬ್ಬೊಬ್ಬರಿಂದ ಎರಡು ಸಲವಾದರೂ ಬ್ಯಾಗ್ ಹಾಕಿಸಿ ನೋಡಿ ಕಳಿಸಬೇಕು. ಕೇಳಿ, ಹಟ ಮಾಡಿ ಕೇಳಿ.

ದುಡ್ಡಿನ ವಿಷಯ ಚುಟುಕಾಗಿ. ಕರ್ನಾಟಕದಲ್ಲಿ 2018ರಿಂದ ಇರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಮಕ್ಕಳ ಸರ್ಜರಿಯೂ ಸೇರಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್ ಆದರೆ ಪ್ಯಾಕೇಜಿನ ಶೇಕಡ 30 ಭಾಗ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಕಡೆ ಮಕ್ಕಳ ಸರ್ಜನ್ನರೇ ಇರುತ್ತಾರೆ, ಈ ಕೆಲಸಕ್ಕೆ ಮಕ್ಕಳ ಸರ್ಜನ್ನರೇ ಬೇಕು. ಮನೆಗೆ ಬಂದ ಮೇಲಿನ ಬ್ಯಾಗು, ಓಡಾಟ, ಕೂಲಿ ತಪ್ಪುವುದು, ಇವು ಹೆಚ್ಚಾಗಿ ನಮ್ಮ ಜೇಬಿನಿಂದಲೇ.

ಎರಡನೇ ಆಪರೇಷನ್ ಮಗನಿಗೆ ಐದು ತಿಂಗಳಾದಾಗ ಆಯಿತು. ಅದಕ್ಕೆ ಮೊದಲು ಕೆಳಗಿನ ಬಾಯಿಯಿಂದ ಬಣ್ಣದ ಔಷಧಿ ಬಿಟ್ಟು ಎಕ್ಸ್‌ರೇ ತೆಗೆದು, ಕರುಳು ಎಲ್ಲಿ ನಿಂತಿದೆ, ಮೂತ್ರದ ನಾಳಕ್ಕೆ ಎಲ್ಲಿ ಸೇರಿದೆ ಅಂತ ನೋಡಿದರು. 1980ರಲ್ಲಿ ಮೆಕ್ಸಿಕೊದಲ್ಲಿ ಆಲ್ಬರ್ಟೊ ಪೇನ್ಯಾ ಅನ್ನುವ ಸರ್ಜನ್ ಶುರುಮಾಡಿದ ವಿಧಾನವನ್ನೇ ಇವತ್ತು ಜಗತ್ತಿನ ಎಲ್ಲ ಕಡೆ ಮಾಡುತ್ತಾರೆ. ಮಗುವನ್ನು ಬೋರಲು ಮಲಗಿಸಿ, ಹಿಂದಿನಿಂದ ಸರಿಯಾಗಿ ನಡುಗೆರೆಯಲ್ಲಿ ಬಿಡಿಸಿ, ಸಣ್ಣ ಕರೆಂಟ್ ಕೊಟ್ಟು ಬಿಗಿ ಹಿಡಿಯುವ ಸ್ನಾಯು ಎಲ್ಲಿ ಮಿಡಿಯುತ್ತದೆ ಅಂತ ಹುಡುಕಿ, ಅದರ ನಡುವೆಯೇ ಕರುಳನ್ನು ತಂದು ಕೂರಿಸುತ್ತಾರೆ.

ಇದಾದ ಎರಡು ವಾರಕ್ಕೆ ಬರುವ ಕೆಲಸದ ಬಗ್ಗೆ ಯಾರೂ ಮುಂಚೆ ಮಾತಾಡುವುದಿಲ್ಲ. ಹೊಸ ದಾರಿ ಗಾಯ ಮಾಗುತ್ತಾ ಕಿರಿದಾಗುತ್ತದೆ. ಹಾಗಾಗದಂತೆ ನಯವಾದ ಲೋಹದ ಕಡ್ಡಿಯನ್ನು ಜೆಲ್ಲಿ ಹಚ್ಚಿ ದಿನಕ್ಕೆ ಎರಡು ಸಲ ಒಳಗೆ ಹಾಕಿ ತೆಗೆಯಬೇಕು. ಕಡ್ಡಿಗೆ ನಂಬರ್ ಇರುತ್ತದೆ, ಡಾಕ್ಟರು ಹೇಳಿದ ಹಾಗೆ ಒಂದೊಂದೇ ನಂಬರ್ ಏರಿಸುತ್ತಾ ಹೋಗಬೇಕು. ಮಾಡಬೇಕಾದವರು ಮನೆಯವರೇ. ಮೊದಲ ವಾರ ಮಗ ಅಳುತ್ತಿದ್ದ, ನಾನು ಅಳುತ್ತಿದ್ದೆ. ನಾನೇ ನನ್ನ ಮಗುವಿಗೆ ನೋವು ಕೊಡುತ್ತಿದ್ದೇನೆ ಅನ್ನಿಸುತ್ತಿತ್ತು. ತಪ್ಪಿಸಿದರೆ ದಾರಿ ಮುಚ್ಚಿಕೊಂಡು ಮತ್ತೆ ಆಪರೇಷನ್ ಆಗಬಹುದು, ಅದಕ್ಕೇ ಬಿಡಲಿಲ್ಲ. ಸಂಜೆಯ ಪಾಳಿಯನ್ನು ಯಜಮಾನರು ತೆಗೆದುಕೊಂಡರು. ಬೆಳಿಗ್ಗೆ ನಾನು ಕಡ್ಡಿ ಹಿಡಿದವಳು, ಸಂಜೆ ಬರೀ ಎತ್ತಿ ಮುದ್ದಾಡುವವಳು. ಅಷ್ಟು ಬದಲಾವಣೆಗೇ ನನ್ನ ಜೀವ ಹಗುರವಾಯಿತು.

ಒಂಬತ್ತನೇ ತಿಂಗಳಲ್ಲಿ ಸ್ಟೋಮಾ ಮುಚ್ಚಿದರು. ನಾಲ್ಕನೇ ದಿನ ಕೆಳಗಿನಿಂದ ಕಕ್ಕ ಬಂತು. ವಾರ್ಡಿನಲ್ಲಿ ಅದಕ್ಕೆ ನಾವು ಪಟ್ಟ ಸಂತೋಷ ನೋಡಿ ಪಕ್ಕದ ಬೆಡ್ಡಿನವರು ಸಿಹಿ ಕೇಳಿದರು. ಆದರೆ ಆ ಭಾಗದ ಚರ್ಮ ಹುಟ್ಟಿದಾಗಿನಿಂದ ಕಕ್ಕವನ್ನೇ ಕಂಡಿರಲಿಲ್ಲ. ದಿನಕ್ಕೆ ಹತ್ತಿಪ್ಪತ್ತು ಸಲ ಹೋಗಿ, ಎರಡೇ ದಿನದಲ್ಲಿ ಕುಂಡಿ ಕಿತ್ತು ರಕ್ತ ಬಂತು. ಸ್ಟೋಮಾ ಮುಚ್ಚುವ ದಿನದಿಂದಲೇ, ಕೆಂಪಾಗುವ ಮೊದಲೇ, ಜಿಂಕ್ ಕ್ರೀಮು ದಪ್ಪಗೆ ಹಚ್ಚುತ್ತಾ ಬನ್ನಿ. ಒರೆಸುವಾಗ ಅದನ್ನು ಪೂರ್ತಿ ತೆಗೆಯಬೇಡಿ, ಮೇಲಿನ ಕೊಳೆ ಮಾತ್ರ ತೆಗೆದು ಅದರ ಮೇಲೇ ಮತ್ತೆ ಹಚ್ಚಿ.

ಬ್ಯಾಗ್ ಹೋದ ಕೂಡಲೇ ಎಲ್ಲ ಮುಗಿಯುವುದಿಲ್ಲ ಅನ್ನುವುದನ್ನೂ ಹೇಳಲೇಬೇಕು. ಗುದದ್ವಾರವಿಲ್ಲದೆ ಹುಟ್ಟಿದ ಮಕ್ಕಳಿಗೆ ಮಲಬದ್ಧತೆ ಬಹಳ ಸಾಮಾನ್ಯ. ದಾರಿ ಎಷ್ಟು ಮೇಲೆ ನಿಂತಿತ್ತು, ಬೆನ್ನಿನ ಕೊನೆಯ ಮೂಳೆ ಹೇಗಿದೆ ಅನ್ನುವುದರ ಮೇಲೆ ಮಗು ಮುಂದೆ ಎಷ್ಟು ತಡೆದುಕೊಳ್ಳಬಲ್ಲದು ಅನ್ನುವುದು ನಿಂತಿದೆ. ನಮ್ಮ ಮಗನಿಗೆ ಇವತ್ತಿಗೂ ರಾತ್ರಿ ಮಲಬದ್ಧತೆಯ ಔಷಧಿ ಇದೆ, ಸ್ಕೂಲ್ ಬ್ಯಾಗಿನಲ್ಲಿ ಇನ್ನೊಂದು ಚಡ್ಡಿ ಇರುತ್ತದೆ, ಅವನ ಮಿಸ್‌ಗೆ ವಿಷಯ ಗೊತ್ತಿದೆ. ಕೆಲವು ಮಕ್ಕಳಿಗೆ ದಿನಾ ಒಂದು ಹೊತ್ತು ಎನಿಮಾ ಕೊಟ್ಟು ಕರುಳು ಖಾಲಿ ಮಾಡಿಸುತ್ತಾರೆ, ಆಗ ಇಡೀ ದಿನ ಚಡ್ಡಿ ಒಣಗಿರುತ್ತದೆ, ಮಗು ಎಲ್ಲರ ಜೊತೆ ಶಾಲೆಗೆ ಹೋಗಬಹುದು.

ಹೋದ ತಿಂಗಳು ಚೆಕಪ್‌ಗೆ ಹೋದಾಗ ಒಪಿಡಿಯ ಬೆಂಚಿನ ಮೇಲೆ ಒಬ್ಬಳು ಕೂತಿದ್ದಳು, ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿರಬೇಕು. ಮಡಿಲಲ್ಲಿ ಎರಡು ವಾರದ ಕೂಸು, ಜಬಲದ ಕೆಳಗೆ ಬ್ಯಾಗಿನ ತುದಿ ಕಾಣುತ್ತಿತ್ತು. ಗಂಡ ಅಲ್ಲೇ ಗೋಡೆಗೊರಗಿ ಮೊಬೈಲ್ ನೋಡುತ್ತಿದ್ದ, ನೋಡುತ್ತಿರಲಿಲ್ಲ ಅಂತಲೂ ಗೊತ್ತಾಗುತ್ತಿತ್ತು. ನಾನು ಮಾತಾಡಿಸಿದೆ. ಲೀಕ್ ನಿಲ್ಲುತ್ತಿಲ್ಲ ಅಕ್ಕ ಅಂದಳು. ಅಳತೆ ತೆಗೆಯುವುದನ್ನು ತೋರಿಸುತ್ತೇನೆ ಅಂತ ನನ್ನ ಬ್ಯಾಗಿನಿಂದ ಒಂದು ಹಳೇ ಮದುವೆ ಕಾಗದ, ಕತ್ತರಿ ತೆಗೆದೆ. "ನೀವೂ ಬನ್ನಿ ತಮ್ಮ, ಇಲ್ಲಿ ಕೂತ್ಕೊಳ್ಳಿ" ಅಂತ ಅವನನ್ನು ಕರೆದು, ಕತ್ತರಿಯನ್ನು ಅವನ ಕೈಗೇ ಕೊಟ್ಟೆ. ಮೊದಲ ತೂತು ಓರೆಯಾಯಿತು. ಎರಡನೆಯದು ತೀರಾ ದೊಡ್ಡದಾಯಿತು. ಮೂರನೆಯದನ್ನು ಅವನು ಬ್ಯಾಗಿನ ಮೇಲಿಟ್ಟು ನೋಡಿ, ಹೆಂಡತಿಗೆ "ಇಷ್ಟಿದ್ರೆ ಸರಿ ಹೋಗುತ್ತೆ ಅಲ್ವಾ?" ಅಂತ ಕೇಳಿದ.